ಬೀರುವಿನಲ್ಲಿದ್ದ ನಲವತ್ತಮೂರನೇ ಪುಟ

ಮುನಿವೆಂಕಟಮ್ಮನಿಗೆ ಸಿಟ್ಟು ಬರುವುದು ನಿಧಾನ, ಹೋಗುವುದು ಇನ್ನೂ ನಿಧಾನ. ತೂಬಗೆರೆ ಕಡೆಯ ತವರಿನಲ್ಲಿ ಅವಳು ಹತ್ತು ವರ್ಷದವಳಿದ್ದಾಗ ಚಿಕ್ಕಪ್ಪನೊಬ್ಬ ಅವಳ ಶಾಲೆಯ ಪುಸ್ತಕದಿಂದ ಹಾಳೆ ಹರಿದು ಒಲೆಯಿಂದ ಬೀಡಿ ಹಚ್ಚಿಕೊಂಡನಂತೆ. ಹದಿನೈದು ವರ್ಷ ಕಳೆದ ಮೇಲೆ ಆ ಚಿಕ್ಕಪ್ಪನ ಮಗಳ ಮದುವೆಗೆ ಅವಳು ಹೋದಳು, ಚಪ್ಪರದ ಕೆಳಗೆ ಎಲ್ಲರ ಜೊತೆ ನಕ್ಕಳು, ಮುಯ್ಯಿ ಓದಿಸಿದಳು, ಊಟಕ್ಕೆ ಮಾತ್ರ ಕೂರಲಿಲ್ಲ. ಯಾಕವ್ವ ಎಂದು ಚಿಕ್ಕಪ್ಪ ಕೇಳಿದಾಗ, "ಐದನೇ ಕ್ಲಾಸಿನ ಸಮಾಜದ ಪುಸ್ತಕ, ನೆನಪೈತಾ?" ಎಂದಳು. ಅವನಿಗೆ ನೆನಪಿರಲಿಲ್ಲ. ಅವಳಿಗೆ ಹರಿದುಹೋದ ಪುಟದ ಸಂಖ್ಯೆ ಕೂಡ ನೆನಪಿತ್ತು.

ಇಂಥ ಹೆಂಗಸನ್ನು ಎದುರು ಹಾಕಿಕೊಳ್ಳುವ ಮೊದಲು ಕಾಂತರಾಜು ಅವಳ ತವರಿನಲ್ಲಿ ಒಂದು ಮಾತು ವಿಚಾರಿಸಿಕೊಳ್ಳಬೇಕಿತ್ತು. ಆದರೆ ಕೆಳಗಿನವರ ಬಗ್ಗೆ ವಿಚಾರಿಸುವ ಅಭ್ಯಾಸ ಅಂಥವರಿಗೆ ಎಲ್ಲಿರುತ್ತದೆ.

ಏಳನೇ ಕ್ಲಾಸು ಮುಗಿಸಿ ಕೆಲವು ವರ್ಷ ತವರಿನಲ್ಲಿ ದನ ಎಮ್ಮೆ ನೋಡಿಕೊಂಡಿದ್ದವಳನ್ನು ಕುಂದಾಣ ಹೋಬಳಿಯ ಒಂದು ಹಳ್ಳಿಗೆ ಕೊಟ್ಟರು. ಗಂಡ ಚಿನ್ನಸ್ವಾಮಿ ಬೇರೆಯವರ ದ್ರಾಕ್ಷಿ ತೋಟ ನೋಡಿಕೊಳ್ಳುವವನು. ಬಳ್ಳಿಯ ಜೊತೆ ಆಡುವಷ್ಟು ಮಾತನ್ನು ಹೆಂಡತಿಯ ಜೊತೆ ಆಡದಿದ್ದರೂ ಒಳ್ಳೆಯ ಮನುಷ್ಯ. ಹತ್ತು ವರ್ಷವಾದರೂ ಅವರಿಗೆ ಮಕ್ಕಳಾಗಲಿಲ್ಲ. ಊರಿನ ಬಾಯಿ ಆ ವಿಷಯಕ್ಕೆ ಬರುವ ಹೊತ್ತಿಗೆ ಮುನಿವೆಂಕಟಮ್ಮ ಊರಿನ ಅರ್ಧ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿ ಆಗಿತ್ತು. ಹಾಗಾಗಿ ಪೇಟೆಯ ಸಂಸ್ಥೆಯೊಂದು ಊರಿಗೊಬ್ಬ ಆರೋಗ್ಯ ಸೇವಕಿ ಬೇಕು ಎಂದು ಕೇಳಿಕೊಂಡು ಬಂದಾಗ ಎಲ್ಲರೂ ಅವಳ ಮನೆಯ ಕಡೆಗೇ ಕೈ ತೋರಿಸಿದರು. ತಿಳಿನೀಲಿ ಸೀರೆ, ಹೆಗಲಿಗೊಂದು ಚೀಲ, ಬರೆಯಲು ಒಂದು ಪುಸ್ತಕ ಕೊಟ್ಟರು. ಆ ಸೀರೆ ಉಟ್ಟ ದಿನ ಅವಳು ಬೇಕೆಂದೇ ಊರಿನ ಉದ್ದದ ದಾರಿ ಹಿಡಿದು ನಡೆದಳು. ಯಾರಾದರೂ ನೋಡಲಿ ಎಂಬ ಆಸೆ, ಅದರಲ್ಲೇನು ತಪ್ಪು.

ಸಂಸ್ಥೆಯ ಸಂಯೋಜಕ ಈ ಕಾಂತರಾಜು. ಮೂವತ್ತೈದರ ಆಸುಪಾಸು, ಇಸ್ತ್ರಿ ಅಂಗಿ, ಬೈಕು, ಜೇಬಿನಲ್ಲಿ ಎರಡು ಪೆನ್ನು. ಊರಿನ ಹಳೆಯ ಹಾಲಿನ ಡೈರಿಯ ಕೋಣೆಯಲ್ಲಿ ಅವನ ಕಚೇರಿ, ಅಲ್ಲೊಂದು ಕಬ್ಬಿಣದ ಬೀರು, ಬೀರುವಿನಲ್ಲಿ ಒಂದು ಪುಸ್ತಕ. ಇಟ್ಟಿಗೆ ದಪ್ಪದ ಪುಸ್ತಕ. ರಟ್ಟಿನ ಮೇಲೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡ ಹೆಂಗಸಿನ ಚಿತ್ರ, ಅವಳ ಕಾಲ ಬಳಿ ಒಂದು ಕೋಳಿ. ಒಳಗೆ ಪುಟಪುಟಕ್ಕೂ ಚಿತ್ರ, ಎಲ್ಲವೂ ಕನ್ನಡದಲ್ಲಿ, ಏಳನೇ ಕ್ಲಾಸಿನವರಿಗೂ ಅರ್ಥವಾಗುವಂತೆ. ತರಬೇತಿಯ ದಿನ ಕಾಂತರಾಜು ಅದನ್ನು ಎದೆಗೆ ಆನಿಸಿಕೊಂಡು, ಬೇಕಾದ ಚಿತ್ರವನ್ನು ಮಾತ್ರ ದೂರದಿಂದ ತೋರಿಸಿ ಮುಚ್ಚಿಬಿಡುತ್ತಿದ್ದ.

ಒಮ್ಮೆ ಮುನಿವೆಂಕಟಮ್ಮ ಕೇಳಿದ್ದಳು. "ಸಾರ್, ಒಂದೆರಡು ದಿನ ಮನೆಗೆ ಕೊಡಿ ಸಾರ್, ಬೇಕಾದ್ದು ಬರ್ಕೊಂಡು ವಾಪಸ್ ಕೊಡ್ತೀನಿ."

"ಬರ್ಕೊಳೋದಾ? ಡೆಲ್ಲಿಯಿಂದ ಬಂದಿರೋ ಪುಸ್ತಕ ಕಣಮ್ಮ ಇದು. ಟ್ರೇನಿಂಗ್ ಆದೋರ ಕೈಯಲ್ಲಿ ಮಾತ್ರ ಇರ್ಬೇಕು. ಒಂದು ಹಾಳೆ ಕಾಪಿ ಮಾಡಿದ್ರೂ ಕೇಸಾಗುತ್ತೆ" ಎಂದು ಅವನು ಬೀಗ ಹಾಕಿ, ಬೀಗದ ಕೈಯನ್ನು ಬೈಕಿನ ಕೀಲಿಯ ಜೊತೆ ಸಿಕ್ಕಿಸಿಕೊಂಡ.

ಅವಳು ನಂಬಿದಳು. ಓದಿದವರು ಕೇಸು ಎಂದರೆ ನಮ್ಮ ಕಡೆಯ ಜನ ಇವತ್ತಿಗೂ ನಂಬುತ್ತಾರೆ, ಅವಳೊಬ್ಬಳ ತಪ್ಪಲ್ಲ. ಆ ಪುಸ್ತಕವೊಂದೇ ಅವನ ದೊಡ್ಡಸ್ತಿಕೆ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ಅದು ಎಲ್ಲರ ಕೈಗೂ ಸಿಕ್ಕರೆ ಇವನು ಬರುವುದೇ ಬೇಕಿರಲಿಲ್ಲ.

ವಿಮಾನ ನಿಲ್ದಾಣ ಶುರುವಾದ ವರ್ಷದ ಬೇಸಿಗೆ. ಒಂದು ಶನಿವಾರ ಬೆಳಿಗ್ಗೆ ಹಿಂದಿನ ಬೀದಿಯ ಆಶಾರಾಣಿಯ ಮಗಳು ಕೀರ್ತನಳಿಗೆ ವಾಂತಿ ಭೇದಿ ಶುರುವಾಯಿತು. ಒಂದೂವರೆ ವರ್ಷದ ಮಗು. ಮುನಿವೆಂಕಟಮ್ಮ ಹೋಗಿ ನೋಡುವ ಹೊತ್ತಿಗೆ ಕಣ್ಣು ಒಳಕ್ಕೆ ಹೋಗಿತ್ತು, ತುಟಿ ಒಣಗಿತ್ತು. ಆಶಾರಾಣಿಯ ಅತ್ತೆ ಅಮ್ಮಯಮ್ಮ ನೀರಿನ ಚೊಂಬನ್ನು ದೂರ ಸರಿಸಿ ಕಾವಲು ಕೂತಿದ್ದಳು.

"ನೀರು ಕೊಟ್ರೆ ಅಷ್ಟೂ ಹೊರಕ್ಕೇ ಹೋಯ್ತದೆ. ಹೊಟ್ಟೆ ಒಣಗ್ಲಿ, ತಾನಾಗೇ ನಿಲ್ತದೆ" ಎಂದಳು ಅಮ್ಮಯಮ್ಮ. ಅವಳ ಅತ್ತೆಯೂ ಹಾಗೇ ಮಾಡಿದ್ದಳಂತೆ.

ಭೇದಿಗೆ ಕಲಸಿ ಕುಡಿಸುವ ಪುಡಿಯ ಪೊಟ್ಟಣ ಚೀಲದಲ್ಲಿ ಒಂದೂ ಇರಲಿಲ್ಲ. ಎರಡು ತಿಂಗಳಿಂದ ಸಂಸ್ಥೆ ಕಳಿಸಿರಲಿಲ್ಲ. ಪೊಟ್ಟಣ ಇಲ್ಲದಾಗ ಮನೆಯಲ್ಲೇ ಉಪ್ಪು, ಸಕ್ಕರೆ, ನೀರು ಸೇರಿಸಿ ಕುಡಿಸಬಹುದು ಎಂಬುದು ಅವಳಿಗೆ ಗೊತ್ತಿತ್ತು. ಆ ಪುಟವನ್ನು ಕಾಂತರಾಜು ಒಮ್ಮೆ ದೂರದಿಂದ ತೋರಿಸಿದ್ದ. ಎಷ್ಟು ನೀರಿಗೆ ಎಷ್ಟು ಉಪ್ಪು, ಅದು ಗೊತ್ತಿರಲಿಲ್ಲ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ ಎಂಬ ಮಾತು ಮಾತ್ರ ತಲೆಯಲ್ಲಿ ಚೆನ್ನಾಗಿ ಕೂತಿತ್ತು. ಹೆದರಿಸುವ ಮಾತು ಬೇಗ ಕೂರುತ್ತದೆ.

ಅವಳು ನರಸಿಂಹಯ್ಯನ ಅಂಗಡಿಗೆ ಓಡಿ ಕಾಯಿನ್ ಬಾಕ್ಸಿಗೆ ನಾಣ್ಯ ಹಾಕಿದಳು. ನರಸಿಂಹಯ್ಯ ಪಕ್ಕದಲ್ಲೇ ಬೇಳೆ ತೂಗುತ್ತಿದ್ದ, ಆ ಫೋನಿನ ದನಿ ತಕ್ಕಡಿಯವರೆಗೂ ಕೇಳಿಸುತ್ತಿತ್ತು.

"ಸಾರ್, ಆಶಾರಾಣಿ ಮಗೀಗೆ ಬೆಳಿಗ್ಗೆಯಿಂದ ವಾಂತಿ ಭೇದಿ. ಪೊಟ್ಟಣ ಇಲ್ಲ ಸಾರ್. ಉಪ್ಪು ಸಕ್ಕರೆ ಕಲಸೋದು ಆ ಪುಸ್ತಕದಾಗೆ ಐತಲ್ಲ, ಅದರ ಅಳತೆ ಹೇಳ್ಬಿಡಿ."

"ಅದೆಲ್ಲ ಫೋನಲ್ಲಿ ಹೇಳೋ ವಿಷಯ ಅಲ್ಲಮ್ಮ. ಸೋಮವಾರ ಟ್ರೇನಿಂಗ್ ಇದೆಯಲ್ಲ."

"ಸೋಮವಾರದವರೆಗೂ ಮಗು ತಡೀಬೇಕಲ್ಲ ಸಾರ್. ಎಷ್ಟು ಸಕ್ಕರೆ, ಎಷ್ಟು ಉಪ್ಪು, ಅಷ್ಟೇ ಹೇಳಿ ಸಾಕು."

"ನೋಡಮ್ಮ, ಅಳತೆ ತಪ್ಪಿ ಮಗು ಹೋದ್ರೆ ಜೈಲಿಗೆ ಹೋಗೋಳು ನೀನು. ನೀನಾಗಿ ಏನೂ ಮಾಡಕ್ಕೆ ಹೋಗ್ಬೇಡ. ನಾನೀಗ ಗೆಸ್ಟುಗಳ ಜೊತೆ ಇದ್ದೀನಿ. ಸಾಯಂಕಾಲ ಬರ್ತೀನಿ, ಕಾಯ್ತಿರು."

ಅವನ ದನಿಯ ಹಿಂದೆ ತಟ್ಟೆ ಚಮಚದ ಸದ್ದು ಕೇಳಿಸುತ್ತಿತ್ತು. ನಾಣ್ಯ ಮುಗಿದು ಫೋನು ಕಟ್ಟಾಯಿತು. ಅವಳು ಕಾದಳು. ಇವತ್ತಿಗೂ ಅವಳನ್ನು ಸುಡುವುದು ಆ ಕಾದದ್ದೇ. ಮಧ್ಯಾಹ್ನ ಮೂರಕ್ಕೆ ಮಗುವಿನ ಕತ್ತು ನಿಲ್ಲದೆ ವಾಲತೊಡಗಿದಾಗ ಅವಳೇ ದೇವನಹಳ್ಳಿ ಆಸ್ಪತ್ರೆಗೆಂದು ಆಟೋ ಕೂಗಿಸಿ ತಾಯಿ ಮಗುವನ್ನು ಹತ್ತಿಸಿದಳು. ನಿಲ್ದಾಣಕ್ಕೆಂದು ರಸ್ತೆಯನ್ನೆಲ್ಲ ಅಗೆದು ಗುಡ್ಡೆ ಹಾಕಿದ್ದರು, ಆಟೋ ಹೊಲದೊಳಗೆ ಇಳಿದು ಹತ್ತಿ ಹೋಗಬೇಕಾಯಿತು. ಕೀರ್ತನ ದೇವನಹಳ್ಳಿ ಮುಟ್ಟಲಿಲ್ಲ.

ಸೋಮವಾರ ತರಬೇತಿ ನಡೆಯಲಿಲ್ಲ, ಪಂಚಾಯಿತಿ ಕಟ್ಟೆಯಲ್ಲಿ ಸಭೆ ನಡೆಯಿತು. ಕಾಂತರಾಜು ಎದ್ದು ನಿಂತು, ಸೇವಕಿ ತನಗೆ ಸಮಯಕ್ಕೆ ತಿಳಿಸಲಿಲ್ಲ, ತಿಳಿಸಿದ್ದರೆ ಮಗು ಉಳಿಯುತ್ತಿತ್ತು ಎಂದ. ಹೀಗೇ ಎಂದ, ಕಣ್ಣು ಮಿಟುಕಿಸದೆ. ಮುನಿವೆಂಕಟಮ್ಮ, "ಫೋನ್ ಮಾಡಿದ್ನಲ್ಲ ಸಾರ್!" ಎಂದು ಕೂಗಿದಳು. ಅವನು, ಯಾರು ನೋಡಿದ್ದಾರೆ ಎಂದು ಸಭೆಯನ್ನು ಕೇಳಿದ. ನರಸಿಂಹಯ್ಯ ತನ್ನ ಚಪ್ಪಲಿ ನೋಡಿಕೊಂಡು ಕೂತ. ಅವನ ತಂಗಿಯ ಮಗನಿಗೆ ಅದೇ ಸಂಸ್ಥೆಯಲ್ಲಿ ಡ್ರೈವರ್ ಕೆಲಸದ ಮಾತಾಗಿತ್ತು.

ಅಲ್ಲೇ ಅವಳಿಂದ ಚೀಲ ವಾಪಸು ಪಡೆದರು. ನೀಲಿ ಸೀರೆಯನ್ನು ಮನೆಗೆ ಹೋಗಿ ಬಿಚ್ಚಿ ಒಗೆದು ಮಡಿಸಿ ತಂದುಕೊಟ್ಟಳು. ಮಕ್ಕಳಿಲ್ಲದವಳ ಕೈಗೆ ಮಗು ಕೊಟ್ಟರೆ ಹೀಗೇ ಎಂದು ಯಾರೋ ಹಿಂದಿನಿಂದ ಅಂದರು. ಮಾರನೆಯ ದಿನ ನೀರಿನ ಟ್ಯಾಂಕಿನ ಬಳಿ ಮುನಿವೆಂಕಟಮ್ಮ ಮುಟ್ಟಿದ ತನ್ನ ಕೊಡವನ್ನು ಆಶಾರಾಣಿ ಹಾಗೇ ಬೋರಲು ಹಾಕಿ, ಬೇರೆ ಕೊಡ ತರಲು ಮನೆಗೆ ಹೋದಳು. ಆಮೇಲೆ ಸುಮಾರು ನಾಲ್ಕು ವರ್ಷ ಇಬ್ಬರ ನಡುವೆ ಮಾತಿಲ್ಲ.

ಅವತ್ತೇ ಮುನಿವೆಂಕಟಮ್ಮ ತೀರ್ಮಾನ ಮಾಡಿಕೊಂಡಳು. ಆ ಮನುಷ್ಯನ ಬಾಯಿಂದಲೇ ನಿಜ ಬರಬೇಕು, ಆಶಾರಾಣಿಯ ಎದುರಿಗೇ ಬರಬೇಕು. ಅವನ ಕೆಲಸ ಹೋಗಲಿ ಎಂದಾಗಲಿ ಬೈಕಿನಿಂದ ಬೀಳಲಿ ಎಂದಾಗಲಿ ಅವಳು ಹರಕೆ ಹೊರಲಿಲ್ಲ. ಬಿದ್ದುಬಿಟ್ಟರೆ ನಿಜ ಹೇಳುವವರು ಯಾರು?

ಮೂರು ವರ್ಷ ದಾರಿ ಸಿಗಲಿಲ್ಲ. ಗಂಡನ ಜೊತೆ ತೋಟದ ಕೂಲಿಗೆ ಹೋದಳು, ಗೊಂಚಲು ಕತ್ತರಿಸಿದಳು. ಮೇಲೆ ವಿಮಾನ ಹೋದರೆ ಜೊತೆಯವರೆಲ್ಲ ತಲೆಯೆತ್ತಿ ನೋಡುತ್ತಿದ್ದರು, ಇವಳು ನೋಡುತ್ತಿರಲಿಲ್ಲ. ಆಮೇಲೊಂದು ದಿನ ಪಡಿತರ ಚೀಟಿಯ ಅರ್ಜಿ ಹಾಕಿಸಲು ದೇವನಹಳ್ಳಿಯ ಕೋಟೆ ಬೀದಿಯ ಕಂಪ್ಯೂಟರ್ ಅಂಗಡಿಗೆ ಹೋದಳು. ಅದನ್ನು ನಡೆಸುವವಳು ಜಾಹಿದಾ, ಇಪ್ಪತ್ತಾರರ ಚುರುಕು ಹುಡುಗಿ. ಅವಳ ಅಣ್ಣ ಮಸ್ತಾನ್ ಹೊರಗೆ ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದ. ಸರದಿಗೆ ಕಾಯುತ್ತ ಕೂತ ಮುನಿವೆಂಕಟಮ್ಮನ ಮುಂದೆಯೇ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಏನನ್ನೋ ಪ್ರಿಂಟ್ ತೆಗೆಸುತ್ತಿದ್ದಳು. ಯಂತ್ರದಿಂದ ಹಾಳೆ ಹೊರಗೆ ಬಂತು. ಹಾಳೆಯ ಮೇಲೆ ಸೊಂಟದಲ್ಲಿ ಮಗು ಎತ್ತಿಕೊಂಡ ಹೆಂಗಸು, ಕಾಲ ಬಳಿ ಕೋಳಿ.

"ಇದು ಬೀರು ಪುಸ್ತಕ! ಕೇಸಾಯ್ತದೆ ಕಣಮ್ಮ, ಮುಚ್ಚಿಡಿ!" ಎಂದು ಮುನಿವೆಂಕಟಮ್ಮ ಎದ್ದೇ ನಿಂತಳು.

ಜಾಹಿದಾ ನಕ್ಕಳು. "ಯಾವ ಕೇಸಕ್ಕಾ? ಇದು ಫ್ರೀ ಐತೆ. ಊರ ಮಂದಿಗೆ ಉಪಯೋಗ ಆಗ್ಲಿ ಅಂತಾನೇ ನೆಟ್‌ನಲ್ಲಿ ಹಾಕವ್ರೆ. ಇಂಥವು ಇನ್ನೂ ರಾಶಿ ಅವೆ, ನೀರಿಂದು, ಬಸುರಿಯರ್ದು, ಮಕ್ಕಳ್ದು. ಯಾರು ಬೇಕಾದ್ರೂ ತಗೋಬೋದು."

"ಯಾರು ಬೇಕಾದ್ರೂ ಅಂದ್ರೆ? ನಾನೂನಾ?"

"ನೀವೂನೇ. ನೋಡಿ, ಎರಡನೇ ಹಾಳೇಲೇ ಬರ್ದವ್ರೆ." ಜಾಹಿದಾ ಪರದೆಯ ಮೇಲೆ ಬೆರಳಿಟ್ಟು ಓದಿದಳು: ಈ ಪುಸ್ತಕವನ್ನು ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು, ಯಾರ ಅನುಮತಿಯೂ ಬೇಕಿಲ್ಲ, ಇದನ್ನು ಮಾರಬಾರದು.

"ಇನ್ನೊಂದ್ ಸಲ ಓದು ತಾಯಿ."

ಜಾಹಿದಾ ಮೂರು ಸಲ ಓದಿದಳು. ಎಂದಿನಿಂದ ಇದು ಇಲ್ಲಿದೆ ಎಂದು ಮುನಿವೆಂಕಟಮ್ಮ ಕೇಳಿದಳು. ಎರಡು ಸಾವಿರದ ಐದರಿಂದ, ತಾರೀಕು ಹಾಕಿದೆ, ಎಂದಳು ಜಾಹಿದಾ. ಕೀರ್ತನ ಹೋದದ್ದು ಎಂಟರಲ್ಲಿ. ಆ ಮಗು ಹುಟ್ಟುವ ಮೊದಲಿನಿಂದಲೂ ಈ ಪುಸ್ತಕ ಬಾ ತಗೋ ಎಂದು ಬೀದಿಯಲ್ಲಿ ಬಿದ್ದಿತ್ತು, ಅದಕ್ಕೆ ಒಬ್ಬ ಬೀಗ ಹಾಕಿಕೊಂಡು ದೊಡ್ಡ ಮನುಷ್ಯನಾಗಿದ್ದ. ಮುನಿವೆಂಕಟಮ್ಮ ಅಳಲಿಲ್ಲ. ಹಲ್ಲು ಕಚ್ಚಿ, ಭೇದಿಯ ಪುಟ ತೋರಿಸು ಎಂದಳು. ಅದು ನಲವತ್ತಮೂರನೇ ಪುಟ. ಪಡಿತರ ಚೀಟಿಯ ವಿಷಯ ಮರೆತೇಹೋಯಿತು.

ಕಥೆಯನ್ನೆಲ್ಲ ಕೇಳಿದ ಜಾಹಿದಾಳಿಗೂ ಸಿಟ್ಟು ನೆತ್ತಿಗೇರಿತು. ವಾರಕ್ಕೆರಡು ದಿನ ಮುನಿವೆಂಕಟಮ್ಮ ತೋಟದಿಂದ ನೇರ ಅಂಗಡಿಗೆ ಬಂದು ಕಸ ಹೊಡೆಯುತ್ತಿದ್ದಳು, ಆಮೇಲೆ ಜಾಹಿದಾಳ ಪಕ್ಕ ಕೂತು ಪುಸ್ತಕ ಓದುತ್ತಿದ್ದಳು. ನಲವತ್ತಮೂರನೇ ಪುಟ ಅವಳಿಗೆ ಬಾಯಿಪಾಠವಾಯಿತು. ಕೇಳಿದಷ್ಟು ಪ್ರತಿ ತೆಗೆದುಕೊಡಲು ಮಸ್ತಾನ್ ಒಪ್ಪಿದ. ಹಾಳೆಯ ಒಂದು ಮಗ್ಗುಲಿಗೆ ಆ ಪುಟ, ಇನ್ನೊಂದು ಮಗ್ಗುಲಿಗೆ ಅನುಮತಿ ಬೇಕಿಲ್ಲ ಎಂಬ ಸಾಲು.

ಪುಟ ಸಿಕ್ಕಿತು, ಆದರೆ ಊರಿನಲ್ಲಿ ಅವಳ ಕೈಯಿಂದ ತೆಗೆದುಕೊಳ್ಳುವವರು ಯಾರು? ಲೋಟ ನೀರು ಕೊಟ್ಟರೂ ಕುಡಿಯದ ಜನ. ಅವಳು ಗೌರಿ ಹಬ್ಬದವರೆಗೆ ಕಾದಳು. ಗೌರಿ ಹಬ್ಬದಲ್ಲಿ ಮುತ್ತೈದೆ ಮನೆ ಬಾಗಿಲಿಗೆ ಬಾಗಿನ ತಂದರೆ ಶತ್ರುವಾದರೂ ಬೇಡ ಎನ್ನುವಂತಿಲ್ಲ, ಸೆರಗೊಡ್ಡಲೇಬೇಕು. ಐದು ಮನೆಗೆ ಕೊಡುವುದು ವಾಡಿಕೆ. ಮುನಿವೆಂಕಟಮ್ಮ ಮೂವತ್ತೆರಡು ಮನೆಗೆ ಕೊಟ್ಟಳು. ಕೂಲಿಯಲ್ಲಿ ಉಳಿದದ್ದೆಲ್ಲ ಮೊರ, ಬಳೆ, ಬೇಳೆ, ಬೆಲ್ಲಕ್ಕೆ ಹೋಯಿತು. ಚಿನ್ನಸ್ವಾಮಿ ಸಾಲಾಗಿ ಜೋಡಿಸಿದ ಮೊರಗಳನ್ನು ನೋಡಿ, "ಗೌರಮ್ಮಂಗೇ ಗಾಬರಿ ಆಗೋಯ್ತದೆ ಕಣೆ" ಎಂದ. ಆ ವರ್ಷ ಅವನು ಆಡಿದ ಉದ್ದನೆಯ ಮಾತು ಅದು.

ಪ್ರತಿ ಮೊರದಲ್ಲಿ ರವಿಕೆ ಕಣದ ಕೆಳಗೆ ಮಡಿಸಿದ ಹಾಳೆ. ಜೊತೆಗೆ ಒಂದೊಂದು ಖಾಲಿ ನೀರಿನ ಬಾಟಲಿ. ಪುಟದಲ್ಲಿ ಒಂದು ಲೀಟರ್ ನೀರು ಎಂದಿತ್ತು, ಚೊಂಬು ಪಾವಿನಲ್ಲಿ ಅಳೆಯುವ ಮನೆಗಳಲ್ಲಿ ಲೀಟರ್ ಎಲ್ಲಿಂದ ಬರಬೇಕು? ನಿಲ್ದಾಣದ ರಸ್ತೆಯುದ್ದಕ್ಕೂ ಕಾರಿನವರು ಕುಡಿದು ಬಿಸಾಕಿದ ಲೀಟರ್ ಬಾಟಲಿಗಳು ಬಿದ್ದಿದ್ದವು. ಒಳ್ಳೆಯವನ್ನು ಆರಿಸಿ ತಂದು, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ ಇಟ್ಟುಕೊಂಡಿದ್ದಳು. ಬಾಗಿನದಲ್ಲಿ ಪ್ಲಾಸ್ಟಿಕ್ ಬಾಟಲಿ ನೋಡಿ ಹೆಂಗಸರು ಮುಸಿಮುಸಿ ನಕ್ಕರು, ಆದರೆ ತೆಗೆದುಕೊಂಡರು. ಓದು ಬಲ್ಲವರು ಹಾಳೆ ಓದಿ ಬಾರದವರಿಗೂ ಹೇಳಿದರು. ಆ ಮಳೆಗಾಲದಲ್ಲಿ ಮೂರು ನಾಲ್ಕು ಮನೆಯಲ್ಲಿ ಕಲಸಿ ಕುಡಿಸಿಯೂ ಆಯಿತು, ಮಕ್ಕಳು ಎದ್ದು ಆಡಿದವು. ಆಶಾರಾಣಿ ಮಾತ್ರ ಮುಖ ಬೇರೆ ಕಡೆ ತಿರುಗಿಸಿಕೊಂಡು ಸೆರಗೊಡ್ಡಿದಳು. ಹಾಳೆಯನ್ನು ಬಿಡಿಸಲಿಲ್ಲ. ಬಾಗಿನದ ವಸ್ತು ಎಸೆಯಬಾರದೆಂದು ಬಾಟಲಿಯ ಜೊತೆ ದೇವರ ಗೂಡಿನಲ್ಲಿ ಇಟ್ಟಳು.

ಮುನಿವೆಂಕಟಮ್ಮನ ಲೆಕ್ಕ ಬೇರೆಯೇ ಇತ್ತು. ಮಕ್ಕಳು ಎದ್ದು ಆಡಿದ್ದು ಸಂತೋಷವೇ, ಆದರೆ ಹಾಳೆ ಹಂಚಿದ್ದು ಅದಕ್ಕೊಂದಕ್ಕೇ ಅಲ್ಲ. ಕಾಂತರಾಜು ಎಂದಾದರೂ ಒಂದು ದಿನ ಈ ಪುಟವನ್ನು ಊರ ಮುಂದೆ ಓದುತ್ತಾನೆ, ಓದಿಸುತ್ತೇನೆ. ಅವನು ಒಂದು ಸಾಲು ನುಂಗಿದರೂ ಮೂವತ್ತೆರಡು ಮನೆಯವರು ಹಿಡಿಯಬೇಕು. ಅದಕ್ಕೆ ಹಂಚಿದ್ದು.

ಆ ದಿನ ಯುಗಾದಿಗೆ ಸ್ವಲ್ಪ ಮೊದಲು ತಾನಾಗೇ ಬಂತು. ಕಾಂತರಾಜು ಅಷ್ಟರಲ್ಲಿ ಸಂಸ್ಥೆಯ ನಿರ್ದೇಶಕನಾಗಿದ್ದ, ಬೈಕು ಹೋಗಿ ಕಾರು ಬಂದಿತ್ತು. ಸಂಸ್ಥೆ ಒಂದು ಪುಸ್ತಕ ಹೊರತರುತ್ತಿದೆ, ಶಾಲೆಯ ಬಯಲಿನಲ್ಲಿ ಬಿಡುಗಡೆ, ಹೊರದೇಶದಿಂದ ಅತಿಥಿಗಳು ಎಂದು ಆಟೋದಲ್ಲಿ ಕೂಗಿಸಿದರು. ಮುನಿವೆಂಕಟಮ್ಮನ ಜಾಗಕ್ಕೆ ಬಂದಿದ್ದ ಸೇವಕಿ ಅನುಸೂಯಮ್ಮ ಒಂದು ಪ್ರತಿಯನ್ನು ಮೊದಲೇ ತಂದು ಅವಳಿಗೆ ತೋರಿಸಿದಳು. ಬಾಗಿನದ ಹಾಳೆ ಓದಿದ ಮೇಲೆ ಅನುಸೂಯಮ್ಮ ಗುಟ್ಟಾಗಿ ಇವಳ ಕಡೆಗೆ ವಾಲಿದ್ದಳು. ಪುಸ್ತಕ ಅದೇ! ಕೋಳಿ ಹೋಗಿ ರಟ್ಟಿನ ಮೇಲೆ ಸೂರ್ಯ ಬಂದಿದ್ದ, ಹಿಂದೆ ಕಾಂತರಾಜುವಿನ ಫೋಟೋ, ಎರಡನೇ ಹಾಳೆಯಲ್ಲಿ ಅನುಮತಿಯಿಲ್ಲದೆ ಪ್ರತಿ ಮಾಡುವಂತಿಲ್ಲ ಎಂಬ ಸಾಲು. ಒಳಗಿನ ಒಂದು ಪುಟವೂ ಬದಲಾಗಿರಲಿಲ್ಲ. ಮುನಿವೆಂಕಟಮ್ಮ ನಲವತ್ತಮೂರು ತೆರೆದು ನೋಡಿ, ತೃಪ್ತಿಯಿಂದ ಮುಚ್ಚಿದಳು. ಮದುವೆ ಮನೆಗೆ ಹೊರಟವಳಂತೆ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗಿ ಮೊದಲ ಸಾಲಿನಲ್ಲಿ ಕೂತಳು.

ವೇದಿಕೆಯ ಮೇಲೆ ಅತಿಥಿಗಳು ನಾಲ್ವರು, ಹಾರ ಹಾಕಿಸಿಕೊಂಡು ಬೆವರುತ್ತಿದ್ದರು. ಕಾಂತರಾಜು ಎಷ್ಟೋ ವರ್ಷದ ಶ್ರಮ, ಹಗಲು ರಾತ್ರಿ ಬರೆದೆವು ಎಂದೆಲ್ಲ ಹೇಳಿ ಪುಸ್ತಕ ಎತ್ತಿ ಹಿಡಿದ. ಚಪ್ಪಾಳೆ ನಿಲ್ಲುತ್ತಿದ್ದಂತೆ ಮುನಿವೆಂಕಟಮ್ಮ ಎದ್ದಳು.

"ಸಾರ್, ನಲವತ್ತಮೂರನೇ ಪುಟ ಓದಿ ಸಾರ್."

ಅವನು ಗುರುತು ಹಿಡಿದ. "ಕೂತ್ಕೊಳಮ್ಮ, ಆಮೇಲೆ ನೋಡೋಣ."

ಹಿಂದಿನ ಸಾಲುಗಳಲ್ಲಿ ಸರಸರ ಸದ್ದಾಯಿತು. ಅನುಸೂಯಮ್ಮ ಹಿಂದಿನ ದಿನವೇ ಮನೆಮನೆಗೂ ಹೇಳಿಬಂದಿದ್ದಳು. ಹೆಂಗಸರು ಸೊಂಟದಿಂದ, ರವಿಕೆಯಿಂದ ಮಡಿಸಿದ ಹಾಳೆ ತೆಗೆದು ಬಿಡಿಸುತ್ತಿದ್ದರು. ಏನು ನಡೆಯುತ್ತಿದೆ ಎಂದು ತಿಳಿಯದ ಅಮ್ಮಯಮ್ಮ ಕೂಡ ಕೋಲೂರಿ ಎದ್ದಳು. "ಓದಪ್ಪಾ, ನಮಗೆ ಓದಕ್ಕೆ ಬರಾಕಿಲ್ಲ. ನೀನೇ ಬರ್ದಿದ್ದು ಅಂತೀಯ, ಓದಕ್ಕೇನು ದಾಡಿ?" ಎಂದಳು. ಅತಿಥಿಗಳಿಗೆ ಹಳ್ಳಿಯ ಹೆಂಗಸರ ಈ ಉತ್ಸಾಹ ಬಹಳ ಹಿಡಿಸಿತು. ಅವರೂ ನಗುತ್ತ ಓದಿ ಓದಿ ಎಂದು ಕೈಯಾಡಿಸಿದರು.

ಕಾಂತರಾಜು ಓದಿದ. ಭೇದಿಯಾಗುವ ಮಗುವಿಗೆ ನೀರು ನಿಲ್ಲಿಸಬಾರದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಚಮಚದ ತಲೆ ಸವರಿ ಸಮ ಮಾಡಿದ ಅಳತೆ. ಕುಡಿಸುವ ಮೊದಲು ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಷ್ಟೇ. ಓದಲು ಒಂದು ನಿಮಿಷ ಹಿಡಿಯಲಿಲ್ಲ.

"ಇಷ್ಟನ್ನೇ ನಾನು ಆ ಶನಿವಾರ ಫೋನಲ್ಲಿ ಕೇಳಿದ್ದು" ಎಂದಳು ಮುನಿವೆಂಕಟಮ್ಮ. ದನಿ ನಡುಗಲಿಲ್ಲ, ನಾಲ್ಕು ವರ್ಷದಿಂದ ತೋಟದಲ್ಲಿ ಬಳ್ಳಿಗಳಿಗೆ ಹೇಳಿ ಹೇಳಿ ರೂಢಿಯಾಗಿತ್ತು. "ಆಶಾರಾಣಿ ಮಗೀಗೆ ಅಂತ ಕೇಳ್ದೆ. ಏನಂದ್ರಿ ನೀವು? ಇವರೆಲ್ಲರ ಮುಂದೆ ಹೇಳಿ."

"ಯಾವ ಫೋನು? ನೀನು ಫೋನೇ ಮಾಡಿಲ್ಲ ಅಂತ ಅವತ್ತೇ..."

"ಮಾಡಿದ್ಲು." ನರಸಿಂಹಯ್ಯ ಬಯಲಿನ ಅಂಚಿನಲ್ಲಿ ನಿಂತಿದ್ದ. ಬಾಗಿನ ಅವನ ಮನೆಗೂ ಹೋಗಿತ್ತು, ಆ ಮಳೆಗಾಲ ಎದ್ದು ಆಡಿದ ಮಕ್ಕಳಲ್ಲಿ ಒಂದು ಅವನ ಮೊಮ್ಮಗು. "ನನ್ನ ಅಂಗಡಿಯಿಂದಲೇ ಮಾಡಿದ್ಲು. ಸೋಮವಾರ ಹೇಳ್ತೀನಿ ಅಂದ್ರಿ ನೀವು. ಜೈಲು ಅಂದ್ರಿ. ನಾನೇ ಕೇಳಿಸ್ಕೊಂಡೆ."

ಕಾಂತರಾಜು ಅತಿಥಿಗಳ ಕಡೆ ನೋಡಿದ, ಕಾರಿನ ಕಡೆ ನೋಡಿದ. ಕಾರಿನ ಸುತ್ತ ಹಾಳೆ ಹಿಡಿದ ಹೆಂಗಸರು ನಿಂತಿದ್ದರು. ಅಮ್ಮಯಮ್ಮ ಪಕ್ಕದವಳ ಕೈಯ ಹಾಳೆಯನ್ನು ತಿರುವಿ, "ಹಿಂದ್ಲಾಗೂ ಏನೋ ಬರ್ದವ್ರೆ, ಅದ್ನೂ ಓದಪ್ಪಾ" ಎಂದು ವೇದಿಕೆಗೆ ಚಾಚಿದಳು. ಅದನ್ನೂ ಓದಿದ. ಯಾರು ಬೇಕಾದರೂ, ಅನುಮತಿ ಬೇಕಿಲ್ಲ, ಮಾರಬಾರದು. ಓದುತ್ತ ಓದುತ್ತ ಅವನ ದನಿ ಇಳಿಯಿತು. ಜೋರಾಗಿ ಎಂದು ಹಿಂದಿನಿಂದ ಕೂಗಿದರು, ಮತ್ತೊಮ್ಮೆ ಓದಿದ. ಆಮೇಲೆ ಮೈಕಿನಿಂದ ಮುಖ ಸರಿಸಿ, "ಹೌದು, ಕೇಳಿದ್ಲು. ನಾನು ಹೇಳ್ಲಿಲ್ಲ" ಎಂದ.

ಮುನಿವೆಂಕಟಮ್ಮ ಆ ಮಾತನ್ನು ಕಣ್ಣು ಮುಚ್ಚಿ ಕೇಳಿದಳು. ಎಂಥ ಸುಖವಾಯಿತು ಎಂದರೆ, ಸುಳ್ಳೇಕೆ, ಅಷ್ಟು ಸುಖ ಅವಳಿಗೆ ಜೀವನದಲ್ಲಿ ಹಿಂದೆಂದೂ ಆಗಿರಲಿಲ್ಲ. ಕಣ್ಣು ತೆರೆದಾಗ ಆಶಾರಾಣಿ ಕೂತಿದ್ದ ಜಾಗ ಖಾಲಿಯಿತ್ತು.

ಆಶಾರಾಣಿ ಮನೆಗೆ ಹೋಗಿದ್ದಳು. ಕಾರು ಹೊರಡಲು ಹೆಂಗಸರು ಬಿಡದೆ ನಿಂತಿರುವಾಗಲೇ ವಾಪಸು ಬಂದಳು. ಕೈಯಲ್ಲಿ ದೇವರ ಗೂಡಿನಲ್ಲಿದ್ದ ಬಾಗಿನದ ಬಾಟಲಿ, ಅದರ ತುಂಬ ಮನೆಯಲ್ಲಿ ಕಾಯಿಸಿ ಆರಿಸಿಟ್ಟಿದ್ದ ಕುಡಿಯುವ ನೀರು, ಇನ್ನೊಂದು ಕೈಯ ತಟ್ಟೆಯಲ್ಲಿ ಬಿಡಿಸಿದ ಹಾಳೆ, ಸಕ್ಕರೆ ಡಬ್ಬ, ಉಪ್ಪಿನ ಮರಿಗೆ, ಚಮಚ, ಲೋಟ. ಎಲ್ಲವನ್ನೂ ವೇದಿಕೆಯ ಮೆಟ್ಟಿಲ ಮೇಲೆ ಇಟ್ಟು, ಹಾಳೆ ನೋಡಿಕೊಂಡು ಆರು ಚಮಚ ಸಕ್ಕರೆ ಹಾಕಿದಳು, ಅರ್ಧ ಚಮಚ ಉಪ್ಪು ಹಾಕಿದಳು, ಪ್ರತಿ ಸಲವೂ ಬೆರಳಿನಿಂದ ಚಮಚದ ತಲೆ ಸವರಿದಳು. ಮುಚ್ಚಳ ತಿರುವಿ ಅಲ್ಲಾಡಿಸಿದಳು. ಅತಿಥಿಗಳು ಇದು ಕಾರ್ಯಕ್ರಮದ ಪ್ರಾತ್ಯಕ್ಷಿಕೆ ಎಂದುಕೊಂಡು ಚಪ್ಪಾಳೆ ತಟ್ಟಿದರು, ಒಬ್ಬಾಕೆ ಫೋಟೋ ತೆಗೆದಳು.

"ಉಪ್ಪು ನನ್ನ ಮನೇಲೇ ಇತ್ತು" ಎಂದಳು ಆಶಾರಾಣಿ, ಯಾರನ್ನೂ ನೋಡದೆ. "ಸಕ್ಕರೇನೂ ಇತ್ತು. ನೀರೂ ಇತ್ತು."

ಲೋಟಕ್ಕೆ ಬಗ್ಗಿಸಿ ಮೊದಲು ಕಾಂತರಾಜುವಿಗೆ ಹಿಡಿದಳು. "ಕುಡೀರಿ. ಉಪ್ಪು ಹೆಚ್ಚಾಗೈತಾ ನೋಡಿ." ಅವನು ಬೇಡವೆಂದು ಕೈ ಆಡಿಸಿದ. ಅವಳು ಲೋಟ ಕೆಳಗಿಳಿಸಲಿಲ್ಲ. ಎಲ್ಲರೂ ನೋಡುತ್ತಿದ್ದರು, ಅವನು ಕುಡಿದ. ಎರಡನೇ ಲೋಟ ತುಂಬಿ ಬಯಲಿನ ಅಂಚಿಗೆ ನಡೆದು ನರಸಿಂಹಯ್ಯನಿಗೆ ಕೊಟ್ಟಳು. "ನಾಲ್ಕು ವರ್ಷ ಬಾಯಿ ಎಲ್ಲಿತ್ತು ಮಾವ?" ಎಂದಳು. ಅವನು ಲೋಟ ಇಸಕೊಂಡು ಕುಡಿದ. ಮೂರನೆಯದನ್ನು ಅತ್ತೆಗೆ ಹಿಡಿದಾಗ ಅಮ್ಮಯಮ್ಮ ಅಷ್ಟು ಹೊತ್ತಿನ ಜೋರನ್ನೆಲ್ಲ ಬಿಟ್ಟು, "ನಂಗೊತ್ತಿರ್ಲಿಲ್ವೇ ತಾಯಿ, ನಂಗೊತ್ತಿರ್ಲಿಲ್ಲ" ಎಂದು ಅಳುತ್ತಲೇ ಕುಡಿದಳು.

ಇದನ್ನೆಲ್ಲ ಮುನಿವೆಂಕಟಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು. ತಾನು ಹೊಡೆಯಬೇಕೆಂದಿದ್ದ ಏಟನ್ನು ಈ ಹುಡುಗಿ ಇನ್ನೂ ಚೆನ್ನಾಗಿ ಹೊಡೆಯುತ್ತಿದ್ದಾಳೆ ಅನ್ನಿಸುತ್ತಿತ್ತು. ಆಗ ಆಶಾರಾಣಿ ಅವಳ ಕಡೆ ತಿರುಗಿದಳು. ನಾಲ್ಕು ವರ್ಷದ ಮೇಲೆ ಮೊದಲ ಸಲ ಮುಖ ನೋಡಿ ಮಾತಾಡಿದಳು.

"ಅಕ್ಕಾ, ಅವತ್ತು ನಿಮಗೆ ಏನೂ ಗೊತ್ತಿರ್ಲಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ಅವಳನ್ನು ಪರೀಕ್ಷೆ ಮಾಡುವವರು ಅಲ್ಲಿ ಯಾರೂ ಇರಲಿಲ್ಲ, ಊರೆಲ್ಲ ಈಗ ಅವಳ ಕಡೆಗಿತ್ತು. ಇಷ್ಟು ವರ್ಷ ಇನ್ನೊಬ್ಬರ ಬಾಯಿಂದ ನಿಜ ಹೊರಡಿಸಲು ಕಾದವಳಿಗೆ ತನ್ನ ಬಾಯಿಯ ಸರದಿಯೂ ಬಂದೀತು ಎಂದು ಹೊಳೆದಿರಲಿಲ್ಲ.

"ಅರ್ಧ ಗೊತ್ತಿತ್ತು ಕಣವ್ವ" ಎಂದಳು. "ಉಪ್ಪು, ಸಕ್ಕರೆ, ನೀರು ಅಂತ ಗೊತ್ತಿತ್ತು. ಅಳತೆ ಗೊತ್ತಿರ್ಲಿಲ್ಲ. ಬರೀ ನೀರಾದ್ರೂ ಕುಡಿಸ್ಬೋದಿತ್ತು. ಜೈಲು ಅಂದ, ಹೆದರ್ಕೊಂಡು ಕೂತೆ."

ಆಶಾರಾಣಿ ತಲೆಯಾಡಿಸಿದಳು. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಲೋಟ ತುಂಬಿ, ಅಂಚು ಒರೆಸಿ, ಚಾಚಿದಳು.

"ನೀವೂ ಕುಡೀರಿ."

ಮುನಿವೆಂಕಟಮ್ಮ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು ನಿಧಾನವಾಗಿ ಪೂರ್ತಿ ಕುಡಿದಳು. ಬಾಟಲಿಯಲ್ಲಿ ಉಳಿದದ್ದನ್ನು ಆಶಾರಾಣಿ ಅಲ್ಲೇ ನಿಂತು ಬಾಯಿಗೆ ಬಗ್ಗಿಸಿಕೊಂಡಳು. ಉಪ್ಪು ಹೆಚ್ಚಾಗಿರಲಿಲ್ಲ. ಅಳತೆ ಸರಿಯಾಗಿತ್ತು.